ಒಂದು ಎಲೆಯ ತೂಕ

ಇಸ್ಪೀಟಿನ ಕಟ್ಟಿನಲ್ಲಿ ೫೨ ಎಲೆಗಳೇ ಏಕಿರಬೇಕು, ರಾಜನಿಗಿಂತ ಎಕ್ಕ ಮೇಲೇಕೆ ಎಂದು ಆಟಕ್ಕೆ ಕುಳಿತವರು ಯಾರೂ ಕೇಳುವುದಿಲ್ಲ. ಅದು ಹಿಂದಿನಿಂದ ಬಂದದ್ದು. ಎಲ್ಲರಿಗೂ ಒಂದೇ ಕಟ್ಟು, ಎಲ್ಲರಿಗೂ ಒಂದೇ ನಿಯಮ. ಒಳ್ಳೆಯ ಎಲೆ ಬೀಳಲಿಲ್ಲವೆಂದು ಹಣೆಬರಹವನ್ನು ಹಳಿಯುತ್ತೇವೆಯೇ ಹೊರತು ಎಲೆಯನ್ನು ಮಾಡಿದವನನ್ನು ಹಳಿಯುವುದಿಲ್ಲ. ಅವನು ಯಾರೆಂಬುದೇ ನಮಗೆ ಗೊತ್ತಿಲ್ಲ.

ಆದರೆ ಎಲೆಯನ್ನು ಮಾಡಿದವರ ಹೆಸರು, ಮಾಡಿದ ವರ್ಷ, ಮಾಡುವಾಗ ಹಾಕಿದ ಲೆಕ್ಕ, ಆ ಲೆಕ್ಕ ತಪ್ಪಿದ ಬಗೆ ಎಲ್ಲವೂ ದಾಖಲೆಯಾಗಿ ಉಳಿದಿರುವ ಎಲೆಯಾಟವೊಂದು ಉಂಟು. ಅದರ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಹುಟ್ಟಿದ್ದು ಅಮೆರಿಕದಲ್ಲಿ, ೧೯೯೩ರಲ್ಲಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ವಾಚಕರು ಪೋಕೆಮಾನ್ ಎಲೆಗಳನ್ನು ಕಂಡಿರಬಹುದು; ಅವೂ ಇದರ ಬೆನ್ನಿಗೆ ಹುಟ್ಟಿದ ಸಂತತಿಯೇ. ಎಲೆಗಳನ್ನು ಕೊಂಡು, ಕೂಡಿಟ್ಟು, ಗೆಳೆಯರೊಡನೆ ಅದಲುಬದಲು ಮಾಡಿಕೊಂಡು, ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಆಡುವ ಆಟ ಇದು. ಇದರಲ್ಲಿ ಪ್ರತಿ ವರ್ಷವೂ ಹೊಸ ಎಲೆಗಳು ಹುಟ್ಟುತ್ತವೆ. ಹೊಸದಾಗಿ ಒಂದು ಎಲೆಯನ್ನು ರಚಿಸಿ ಅದಕ್ಕೆ ತಕ್ಕ ತೂಕ ಕಟ್ಟುವುದು ಏನು ಮಹಾ ಕೆಲಸ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಬುದ್ಧಿವಂತರೇ ಸೇರಿ ಮಾಡಿದ ಈ ಕೆಲಸದ ಮೂವತ್ತು ವರ್ಷಗಳ ಚರಿತ್ರೆ ಮಾತ್ರ ಬೇರೆಯೇ ಮಾತು ಹೇಳುತ್ತದೆ.

ಗಣಿತಜ್ಞನ ಆಟ

ರಿಚರ್ಡ್ ಗಾರ್ಫೀಲ್ಡ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಸಂಶೋಧನೆ ನಡೆಸುತ್ತಿದ್ದವರು. ಇಷ್ಟು ವಸ್ತುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಸಂಯೋಜನ ಗಣಿತವೇ ಅವರ ವಿಷಯ. ೧೯೯೧ರಲ್ಲಿ ಅವರು ತಾವು ರಚಿಸಿದ್ದ ‘ರೋಬೋರ್ಯಾಲಿ’ ಎಂಬ ಮಣೆಯಾಟವನ್ನು ಹಿಡಿದುಕೊಂಡು, ಸಿಯಾಟಲ್ ನಗರದ ಹತ್ತಿರದ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಎಂಬ ಸಣ್ಣ ಸಂಸ್ಥೆಯ ಪೀಟರ್ ಆಡ್ಕಿಸನ್ನರನ್ನು ಕಂಡರು. ಅದನ್ನು ಅಚ್ಚು ಹಾಕಿಸುವಷ್ಟು ಬಂಡವಾಳ ಆಡ್ಕಿಸನ್ನರಲ್ಲಿ ಇರಲಿಲ್ಲ. ಖರ್ಚು ಕಡಿಮೆಯಾಗಬೇಕು, ಜೇಬಿನಲ್ಲಿ ಒಯ್ಯುವಂತಿರಬೇಕು, ಬೇಗ ಮುಗಿಯಬೇಕು. ಅಂಥದೊಂದು ಆಟವನ್ನು ಮಾಡಿಕೊಡಲಾದೀತೇ ಎಂದು ಕೇಳಿದರು. ಆ ಕೇಳಿಕೆಯಿಂದ ‘ಮ್ಯಾಜಿಕ್’ ಹುಟ್ಟಿತು.

ಗಾರ್ಫೀಲ್ಡರ ಮನಸ್ಸಿನಲ್ಲಿ ಅದಕ್ಕೆ ಮೊದಲೇ ಬೇರೊಂದು ಆಟ ಕುಳಿತಿತ್ತು. ೧೯೭೭ರ ‘ಕಾಸ್ಮಿಕ್ ಎನ್‌ಕೌಂಟರ್’ ಎಂಬುದರಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಆಟದ ಯಾವುದಾದರೊಂದು ನಿಯಮವನ್ನು ಮುರಿಯುವ ಹಕ್ಕು ಉಂಟು. ಆ ಹಕ್ಕನ್ನು ಆಟಗಾರನಿಂದ ತೆಗೆದು ಒಂದೊಂದು ಎಲೆಯ ಮೇಲೆ ಬರೆದರೆ? ಸಾಮಾನ್ಯ ನಿಯಮ ಚಿಕ್ಕದು. ಪ್ರತಿ ಎಲೆಯೂ ಅದಕ್ಕೆ ಒಂದು ಅಪವಾದ. ಇದೇ ಹೊಸ ಆಟದ ಜೀವಾಳ.

ಆಟದ ಸಾಮಾನ್ಯ ನಿಯಮವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಇಬ್ಬರು ಮಾಂತ್ರಿಕರ ನಡುವೆ ಕಾಳಗ. ಒಬ್ಬೊಬ್ಬರಿಗೂ ೨೦ ಪ್ರಾಣ, ಆರಂಭದಲ್ಲಿ ಕೈಗೆ ೭ ಎಲೆ, ಆಮೇಲೆ ಸರದಿಗೆ ಒಂದು. ಕೆಲವು ಎಲೆಗಳು ನೆಲ. ಒಂದು ಸರದಿಯಲ್ಲಿ ಒಂದು ನೆಲವನ್ನು ಮಾತ್ರ ಹಾಸಬಹುದು, ಅದು ಸರದಿಗೆ ಒಂದರಂತೆ ‘ಮನಾ’ ಕೊಡುತ್ತದೆ. ಶಾಂತಸಾಗರದ ದ್ವೀಪವಾಸಿಗಳ ಭಾಷೆಯಲ್ಲಿ ದಿವ್ಯಶಕ್ತಿಗೆ ಇರುವ ಮಾತು ಅದು; ಇಲ್ಲಿ ಅದೇ ನಾಣ್ಯ. ಮಿಕ್ಕ ಎಲೆಗಳು ಮಂತ್ರಗಳು, ಜೀವಿಗಳು, ಸಲಕರಣೆಗಳು. ಒಂದೊಂದನ್ನು ಹೂಡಲೂ ಇಷ್ಟಿಷ್ಟು ಮನಾ ತೆರಬೇಕು. ಆ ಬೆಲೆ ಎಲೆಯ ಬಲಗಡೆಯ ಮೇಲ್ತುದಿಯಲ್ಲಿ ಅಚ್ಚಾಗಿರುತ್ತದೆ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಮಂತ್ರಗಳಲ್ಲಿ ಐದು ಪಂಗಡ.

ಎಲೆ ರಚಿಸುವುದೆಂದರೆ ಏನು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ‘ಇದು ಏನು ಮಾಡುತ್ತದೆ’ ಎಂದು ಬರೆಯುವುದು ಅರ್ಧ ಕೆಲಸ. ‘ಇದಕ್ಕೆ ಎಷ್ಟು ತೆರಬೇಕು’ ಎಂದು ಮೂಲೆಯಲ್ಲಿ ಒಂದು ಅಂಕಿ ಬರೆಯುವುದು ಉಳಿದರ್ಧ. ಮೊದಲನೆಯದಕ್ಕೆ ಕಲ್ಪನೆ ಸಾಕು. ಎರಡನೆಯದಕ್ಕೆ ನ್ಯಾಯ ಬೇಕು.

ಐದು ವರಗಳು

೧೯೯೩ರ ಆಗಸ್ಟ್‌ನಲ್ಲಿ ಮೊದಲ ಮುದ್ರಣ ಹೊರಬಿತ್ತು. ೨೯೫ ಬಗೆಯ ಎಲೆಗಳು. ಒಟ್ಟು ಸುಮಾರು ೨೬ ಲಕ್ಷ ಎಲೆಗಳು ಬೆಲ್ಜಿಯಂ ದೇಶದಲ್ಲಿ ಅಚ್ಚಾಗಿ ಬಂದವು. ಅವುಗಳಲ್ಲಿ ಐದು ಎಲೆಗಳು ಒಂದು ಗುಂಪು. ಪಂಗಡಕ್ಕೆ ಒಂದರಂತೆ ಐದು. ಐದಕ್ಕೂ ಬೆಲೆ ಒಂದೇ ಮನಾ. ಐದೂ ಕೊಡುವುದು ಯಾವುದಾದರೊಂದನ್ನು ಮೂರರಷ್ಟು. ಬಿಳಿಯ ‘ಹೀಲಿಂಗ್ ಸಾಲ್ವ್’ ಮೂರು ಪ್ರಾಣ ಕೊಡುತ್ತದೆ. ಕೆಂಪು ‘ಲೈಟ್ನಿಂಗ್ ಬೋಲ್ಟ್’ ಮೂರು ಪೆಟ್ಟು ಕೊಡುತ್ತದೆ. ಹಸಿರಿನ ‘ಜೈಂಟ್ ಗ್ರೋತ್’ ಒಂದು ಜೀವಿಯ ಬಲವನ್ನೂ ತಾಳಿಕೆಯನ್ನೂ ಆ ಸರದಿಗೆ ಮೂರು ಮೂರು ಏರಿಸುತ್ತದೆ. ಕಪ್ಪು ‘ಡಾರ್ಕ್ ರಿಚುಯಲ್’ ಮೂರು ಮನಾ ಕೊಡುತ್ತದೆ. ನೀಲಿಯ ‘ಆನ್ಸೆಸ್ಟ್ರಲ್ ರೀಕಾಲ್’ ಕಟ್ಟಿನಿಂದ ಮೂರು ಎಲೆಗಳನ್ನು ಕೈಗೆ ಕೊಡುತ್ತದೆ.

ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ಸಮತೆ ಇನ್ನೊಂದಿಲ್ಲ. ಐದು ಮಕ್ಕಳಿಗೆ ಒಂದೇ ಅಳತೆಯ ಐದು ಅಂಗಿ ಹೊಲಿಸಿದಂತೆ. ತೊಡಿಸಿ ನೋಡಿದಾಗ ಬೇರೆಯೇ ಆಯಿತು. ಮೂರು ಪ್ರಾಣವೆಂದರೆ ೨೦ರಲ್ಲಿ ಮೂರು. ಬಂದರೆ ಸಂತೋಷ, ಬಾರದಿದ್ದರೆ ನಷ್ಟವಿಲ್ಲ. ಮೂರು ಎಲೆಯೆಂದರೆ ಮೂರು ಸರದಿಗಳ ಗಳಿಕೆ. ಆ ಮೂರರಲ್ಲಿ ಮಿಂಚೂ ಇರಬಹುದು, ಜೀವಿಯೂ ಇರಬಹುದು, ಮತ್ತೊಂದು ‘ರೀಕಾಲ್’ ಕೂಡ ಇರಬಹುದು. ಬಿಳಿಯ ಎಲೆ ಬಡವಾಯಿತು. ನೀಲಿಯದು ಆಟದ ಚರಿತ್ರೆಯಲ್ಲೇ ಅತಿ ಪ್ರಬಲವಾದ ಒಂಬತ್ತು ಎಲೆಗಳಲ್ಲಿ ಒಂದೆಂದು ಹೆಸರಾಯಿತು. ೨೦೦೧ರಲ್ಲಿ ಮೂರು ಎಲೆ ಕೊಡುವ ಇನ್ನೊಂದು ನೀಲಿ ಮಂತ್ರವನ್ನು ‘ಕಾನ್ಸೆಂಟ್ರೇಟ್’ ಎಂಬ ಹೆಸರಿನಲ್ಲಿ ಅಚ್ಚು ಹಾಕಿದಾಗ ಅದಕ್ಕೆ ಇಟ್ಟ ಬೆಲೆ ನಾಲ್ಕು ಮನಾ. ಅದನ್ನು ತನ್ನ ಸರದಿಯಲ್ಲಿ ಮಾತ್ರ ಹೂಡಬಹುದೆಂಬ ಕಟ್ಟಳೆ ಬೇರೆ. ಎಂಟು ವರ್ಷಗಳ ಅನುಭವ ಒಂದನ್ನು ನಾಲ್ಕು ಮಾಡಿತು.

ಅಂಕಿ ಒಂದೇ ಆದ ಮಾತ್ರಕ್ಕೆ ತೂಕ ಒಂದೇ ಆಗುವುದಿಲ್ಲ. ಮೂರು ಏನು ಎಂಬುದನ್ನು ನೋಡದೆ ಮೂರನ್ನು ಮಾತ್ರ ನೋಡಿದರೆ ತಕ್ಕಡಿ ಸುಳ್ಳು ಹೇಳುತ್ತದೆ. ಎಲೆ ಮಾಡುವವರಿಗೆ ದೊರೆತ ಮೊದಲನೆಯ ಪಾಠ ಇದು.

ನೆರೆಹೊರೆಯ ಫಲ

ಎರಡನೆಯ ಪಾಠ ಇದಕ್ಕಿಂತ ಸೂಕ್ಷ್ಮವಾದದ್ದು. ಅದೇ ಮೊದಲ ಮುದ್ರಣದಲ್ಲಿ ‘ಬ್ಲಾಕ್ ಲೋಟಸ್’ ಎಂಬ ಕರಿಯ ಕಮಲವಿತ್ತು. ಅದಕ್ಕೆ ಬೆಲೆಯೇ ಇಲ್ಲ. ಹೂಡಿ ತ್ಯಾಗ ಮಾಡಿದರೆ ಯಾವುದಾದರೊಂದು ಬಣ್ಣದ ಮೂರು ಮನಾ ಬರುತ್ತದೆ. ‘ಚಾನೆಲ್’ ಎಂಬ ಹಸಿರು ಮಂತ್ರವಿತ್ತು. ಎರಡು ಮನಾ ತೆತ್ತು ಅದನ್ನು ಹೂಡಿದರೆ, ಆ ಸರದಿಯಲ್ಲಿ ಒಂದು ಪ್ರಾಣಕ್ಕೆ ಒಂದು ಮನಾದಂತೆ ಎಷ್ಟು ಬೇಕಾದರೂ ಕೊಳ್ಳಬಹುದು. ‘ಫೈರ್‌ಬಾಲ್’ ಎಂಬ ಕೆಂಪು ಮಂತ್ರವಿತ್ತು. ಒಂದು ಕೆಂಪು ಮನಾದ ಮೇಲೆ ಎಷ್ಟು ಹೆಚ್ಚು ತೆರುತ್ತೀರೋ ಅಷ್ಟು ಪೆಟ್ಟು. ಕಮಲವನ್ನು ಬಿಟ್ಟರೆ ಉಳಿದೆರಡೂ ಬಿಡಿಯಾಗಿ ಸಾಧುವಾದ ಎಲೆಗಳೇ. ತನ್ನ ಪ್ರಾಣವನ್ನೇ ಮಾರಿ ಮನಾ ಕೊಳ್ಳುವವನು ಮೂರ್ಖನಲ್ಲವೇ?

ಈಗ ಲೆಕ್ಕ ನೋಡಿ. ಮೊದಲನೆಯ ಸರದಿ. ಕೆಂಪು ಮನಾ ಕೊಡುವ ಒಂದು ಗುಡ್ಡವನ್ನು ಹಾಸಿ, ಕಮಲದಿಂದ ಮೂರು ಹಸಿರು ಮನಾ ಪಡೆದದ್ದಾಯಿತು. ಎರಡು ತೆತ್ತು ‘ಚಾನೆಲ್’ ಹೂಡಿದರೆ ಒಂದು ಮಿಕ್ಕಿತು. ೨೦ ಪ್ರಾಣದಲ್ಲಿ ೧೯ನ್ನು ಮಾರಿದರೆ ೧೯ ಮನಾ; ಮಿಕ್ಕ ಒಂದು ಸೇರಿ ೨೦. ಗುಡ್ಡದ ಕೆಂಪು ಮನಾದಿಂದ ‘ಫೈರ್‌ಬಾಲ್’ ಹೂಡಿದರೆ ೨೦ ಪೆಟ್ಟು. ಎದುರಾಳಿ ಇನ್ನೂ ಒಂದು ಎಲೆಯನ್ನೂ ಕೆಳಗಿಟ್ಟಿಲ್ಲ, ಆಟ ಮುಗಿಯಿತು. ತನ್ನಲ್ಲಿ ಒಂದೇ ಪ್ರಾಣ ಉಳಿದಿದೆ, ನಿಜ. ಗೆದ್ದವನಿಗೆ ಒಂದೇ ಸಾಕು.

ಇಷ್ಟು ಮಟ್ಟಸವಾಗಿ ಲೆಕ್ಕ ಹೊಂದುವ ಈ ತ್ರಿವಳಿಯಲ್ಲಿ ತಪ್ಪು ಯಾವ ಎಲೆಯದು? ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದರೆ ಉತ್ತರ ಸಿಕ್ಕುವುದಿಲ್ಲ. ಎಲೆಯ ತೂಕ ಪೂರ್ತಿಯಾಗಿ ಎಲೆಯೊಳಗೇ ಇರುವುದಲ್ಲ; ಅದರ ನೆರೆಹೊರೆಯಲ್ಲಿಯೂ ಇರುತ್ತದೆ. ೨೯೫ ಎಲೆಗಳಲ್ಲಿ ಎರಡೆರಡರ ಜೋಡಿಗಳು ೪೩,೩೬೫. ಮೂರು ಮೂರರ ಗುಂಪುಗಳು ೪೨,೩೫,೩೧೫. ಸಂಯೋಜನ ಗಣಿತವನ್ನೇ ಕಲಿತ ಗಾರ್ಫೀಲ್ಡರಿಗೆ ಈ ಸಂಖ್ಯೆ ಹೊಸದಾಗಿರಲಾರದು. ಆದರೆ ನಲವತ್ತೆರಡು ಲಕ್ಷ ಗುಂಪುಗಳೆಂದು ಎಣಿಸುವುದು ಬೇರೆ. ಅವನ್ನೆಲ್ಲ ಆಡಿ ನೋಡುವುದು ಬೇರೆ.

ಅವರು ಆಡಿಸಿ ನೋಡದೆಯೂ ಇರಲಿಲ್ಲ. ಮೊಟ್ಟಮೊದಲ ಪರೀಕ್ಷೆಗೆ ೧೨೦ ಎಲೆಗಳನ್ನು ಕೈಯಲ್ಲೇ ಮಾಡಿ ಇಬ್ಬರಿಗೆ ಹಂಚಿ ಆಡಿದ್ದಾಗಿತ್ತು. ಆಮೇಲೆ ವಿಶ್ವವಿದ್ಯಾನಿಲಯದ ಗೆಳೆಯರು ಎರಡು ವರ್ಷಗಳ ಕಾಲ ಆಡಿದರು. ಅವರಲ್ಲಿ ಸ್ಕಾಫ್ ಇಲಾಯಸ್, ಜಿಮ್ ಲಿನ್, ಕ್ರಿಸ್ ಪೇಜ್, ಡೇವ್ ಪೆಟಿ ಮುಖ್ಯರು. ಆ ಕಾಲದ ಒಂದು ಸ್ವಾರಸ್ಯವನ್ನು ಗಾರ್ಫೀಲ್ಡರೇ ಬರೆದಿದ್ದಾರೆ. ಒಂದು ಎಲೆಯ ಮೇಲೆ ‘ಎದುರಾಳಿ ಮುಂದಿನ ಸರದಿಯನ್ನು ಕಳೆದುಕೊಳ್ಳುತ್ತಾನೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವಿತ್ತು. ‘ಲೂಸ್’ ಎಂಬ ಆ ಭಾಷೆಯ ಮಾತಿಗೆ ಕಳೆದುಕೊಳ್ಳುವುದು, ಸೋಲುವುದು ಎರಡೂ ಅರ್ಥ. ಆಟಗಾರನೊಬ್ಬ ಅದನ್ನು ‘ಎದುರಾಳಿ ಮುಂದಿನ ಸರದಿಯಲ್ಲಿ ಸೋತುಹೋಗುತ್ತಾನೆ’ ಎಂದು ಓದಿಕೊಂಡು, ತನಗೆ ಗೆಲುವು ಖಂಡಿತವೆಂದು ಹಿಗ್ಗಿದನಂತೆ. ಮುಂದೆ ಅದೇ ಎಲೆ ‘ಟೈಮ್ ವಾಕ್’ ಎಂಬ ಹೆಸರಿನಲ್ಲಿ ‘ನೀನು ಇನ್ನೊಂದು ಸರದಿ ಆಡು’ ಎಂಬ ಬೇರೆ ಮಾತಿನಿಂದ ಅಚ್ಚಾಯಿತು. ತೂಕ ಕಟ್ಟುವ ಮೊದಲು ಮಾತು ನೆಟ್ಟಗಿರಬೇಕು. ದಸ್ತಾವೇಜು ಬರೆಯುವ ವಕೀಲರಿಗೆ ಗೊತ್ತಿರುವ ಈ ಸತ್ಯ ಎಲೆ ಬರೆಯುವವರಿಗೂ ಅನ್ವಯಿಸಿತು.

ಹಾಗಾದರೆ ಕಮಲದಂಥ ಎಲೆಗಳು ಹೇಗೆ ಉಳಿದವು? ಗಾರ್ಫೀಲ್ಡರ ಎಣಿಕೆ ಇದು: ಜನ ಒಂದಿಷ್ಟು ಪೊಟ್ಟಣಗಳನ್ನು ಕೊಂಡು ಸುಮ್ಮನಾಗುತ್ತಾರೆ, ಪ್ರಬಲವಾದ ಎಲೆಗಳು ಅಪರೂಪವಾದ್ದರಿಂದ ಒಂದು ಗೆಳೆಯರ ಗುಂಪಿನಲ್ಲಿ ಒಂದೋ ಎರಡೋ ಇದ್ದಾವು, ಅವುಗಳ ಸುತ್ತ ಕಥೆಗಳು ಹುಟ್ಟಿಯಾವು. ಎಣಿಕೆ ತಪ್ಪಿದ್ದು ಎಲೆಯ ವಿಷಯದಲ್ಲಲ್ಲ, ಮನುಷ್ಯನ ವಿಷಯದಲ್ಲಿ. ಜನ ಪೆಟ್ಟಿಗೆಗಟ್ಟಲೆ ಕೊಂಡರು. ಒಂದು ಎಲೆಯನ್ನು ಎಷ್ಟು ಪ್ರತಿ ಸೇರಿಸಬಹುದೆಂಬ ಮಿತಿ ಮೊದಲಿನ ನಿಯಮಗಳಲ್ಲಿ ಇರಲಿಲ್ಲ. ೪೦ ಎಲೆಗಳಿದ್ದರೆ ಕಟ್ಟು ಪೂರ್ತಿ. ಹಣವುಳ್ಳವನ ಕಟ್ಟಿನಲ್ಲಿ ಅಪರೂಪವೇ ನಿತ್ಯವಾಯಿತು. ೧೯೯೪ರ ಜನವರಿಯಲ್ಲಿ ಪಂದ್ಯಗಳಿಗೆ ಕಟ್ಟಳೆ ಬಂತು: ಕಟ್ಟಿಗೆ ಕನಿಷ್ಠ ೬೦ ಎಲೆ, ಒಂದೇ ಎಲೆ ನಾಲ್ಕಕ್ಕಿಂತ ಹೆಚ್ಚಿರಕೂಡದು, ಕಮಲ ‘ರೀಕಾಲ್’ ಮುಂತಾದವು ಒಂದೊಂದೇ. ೧೯೯೫ರ ಜನವರಿಯಿಂದ ಹೊಸ ಮುದ್ರಣಗಳ ಎಲೆಗಳನ್ನು ಮಾತ್ರ ಬಳಸುವ ಬೇರೊಂದು ಬಗೆಯ ಪಂದ್ಯವೂ ಆರಂಭವಾಯಿತು. ಪ್ರತಿ ಹೊಸ ಎಲೆಯೂ ಎಲ್ಲ ಹಳೆಯ ಎಲೆಗಳೊಡನೆ ಹೋರಾಡಬೇಕಾದ ಹೊರೆ ಅಷ್ಟರಮಟ್ಟಿಗೆ ಇಳಿಯಿತು.

ಹಿಂದಿರುಗಿ ಬಂದ ಬೆಲೆ

ಐದು ವರ್ಷಗಳ ಅನುಭವವಾದ ಮೇಲೆ, ೧೯೯೮ರ ಅಕ್ಟೋಬರಿನಲ್ಲಿ ‘ಅರ್ಝಾಸ್ ಸಾಗಾ’ ಎಂಬ ಮುದ್ರಣ ಬಂತು. ಅದರಲ್ಲಿ ಒಂದು ಹೊಸ ಬಗೆಯ ಮಂತ್ರಗಳಿದ್ದವು. ಅವುಗಳಿಗೆ ಬೆಲೆಯೇನೋ ಭಾರಿಯಾಗಿಯೇ ಇತ್ತು. ಆದರೆ ಬೆಲೆ ತೆತ್ತು ಮಂತ್ರ ಹೂಡಿದೊಡನೆ ಅಷ್ಟೇ ಸಂಖ್ಯೆಯ ನೆಲಗಳನ್ನು ಮತ್ತೆ ಎಬ್ಬಿಸಿ ಇನ್ನೊಮ್ಮೆ ಮನಾ ಪಡೆಯಬಹುದಾಗಿತ್ತು. ಆರು ಕೊಟ್ಟರೆ ಆರು ನೆಲ ಎದ್ದವು; ಲೆಕ್ಕ ಸರಿಹೋಯಿತಲ್ಲ ಎಂದು ತೋರುತ್ತದೆ.

ಸರಿಹೋಗಲಿಲ್ಲ. ಏಕೆಂದರೆ ಅದೇ ಮುದ್ರಣದಲ್ಲಿ ‘ಟೊಲೇರಿಯನ್ ಅಕಾಡೆಮಿ’ ಎಂಬ ನೆಲವೂ ಇತ್ತು. ಅದು ಕೊಡುವುದು ಒಂದು ಮನಾ ಅಲ್ಲ. ತನ್ನ ಒಡೆಯನ ಮುಂದೆ ಎಷ್ಟು ಸಲಕರಣೆಗಳಿವೆಯೋ ಅಷ್ಟು. ಐದು ಮನಾ ಕೊಡುವ ನೆಲವನ್ನು ಎಬ್ಬಿಸಿದರೆ ತೆತ್ತದ್ದಕ್ಕಿಂತ ಹೆಚ್ಚೇ ಕೈಗೆ ಬರುತ್ತದೆ. ಕೊಂಡದ್ದಕ್ಕಿಂತ ಹೆಚ್ಚಿನ ಚಿಲ್ಲರೆ ಕೊಡುವ ಅಂಗಡಿ ಎಷ್ಟು ದಿನ ಬಾಳೀತು? ಆ ಚಳಿಗಾಲದಲ್ಲಿ ಆಟಗಾರರ ನಡುವೆ ಒಂದು ಕುಚೋದ್ಯ ಹರಡಿತು: ಈ ಆಟದಲ್ಲಿ ಆರಂಭವೆಂದರೆ ಯಾರು ಮೊದಲೆಂದು ನಾಣ್ಯ ಚಿಮ್ಮುವುದು, ಮಧ್ಯವೆಂದರೆ ಕೈಯ ಎಲೆಗಳನ್ನು ಬದಲಾಯಿಸಿಕೊಳ್ಳುವುದು, ಅಂತ್ಯವೆಂದರೆ ಮೊದಲನೆಯ ಸರದಿ. ‘ಅಕಾಡೆಮಿ’ಯನ್ನು ೧೯೯೯ರ ಆರಂಭದಿಂದ ಪಂದ್ಯಗಳಲ್ಲಿ ನಿಷೇಧಿಸಿದರು. ಅದರ ಹಿಂದೆಯೇ ಬಂದ ‘ಮೆಮೊರಿ ಜಾರ್’ ಎಂಬ ಎಲೆಯನ್ನು ಬಿಡುಗಡೆಯಾದ ಕೆಲವೇ ವಾರಗಳಲ್ಲಿ ತುರ್ತಾಗಿ ಹೊರಗಿಡಬೇಕಾಯಿತು. ಎಲೆ ರಚಿಸುವ ವಿಭಾಗದವರನ್ನೆಲ್ಲ ಸಂಸ್ಥೆಯ ಮುಖ್ಯಸ್ಥರು ತಮ್ಮ ಕೋಣೆಗೆ ಕರೆಸಿ ಗದರಿಸಿದ್ದನ್ನು ಆ ವಿಭಾಗದ ಮಾರ್ಕ್ ರೋಸ್‌ವಾಟರ್ ಮುಂದೆ ಬರೆದಿದ್ದಾರೆ.

ಇಲ್ಲಿಂದ ಮುಂದೆ ಒಂದು ಒಳ್ಳೆಯ ಪದ್ಧತಿ ಬೆಳೆಯಿತು. ಚಾಪೆಯ ಕೆಳಗೆ ತೂರುವವರನ್ನು ತಡೆಯಬೇಕಾದರೆ ರಂಗೋಲಿಯ ಕೆಳಗೆ ತೂರುವವರು ಬೇಕು. ೧೯೯೭ರಲ್ಲಿ ಷಿಕಾಗೋದ ದೊಡ್ಡ ಪಂದ್ಯವನ್ನು ಗೆದ್ದಿದ್ದ ರ್‍ಯಾಂಡಿ ಬ್ಯೂಲರ್ ಅವರಂಥ ಆಟಗಾರರನ್ನೇ ಸಂಸ್ಥೆ ಕೆಲಸಕ್ಕೆ ತೆಗೆದುಕೊಂಡಿತು. ಇನ್ನೂ ಅಚ್ಚಾಗದ ಎಲೆಗಳನ್ನು ತಿಂಗಳುಗಟ್ಟಲೆ ಮೊದಲೇ ಆಡಿ, ಮುರಿಯಲು ಯತ್ನಿಸುವುದೇ ಅಂಥವರಿಗೆ ಸಂಬಳದ ಕೆಲಸವಾಯಿತು.

ಒಂದು ಗೆರೆಯ ತಿದ್ದುಪಡಿ

ಇಷ್ಟಾದರೂ ೨೦೦೪ರ ಫೆಬ್ರವರಿಯಲ್ಲಿ ‘ಸ್ಕಲ್‌ಕ್ಲ್ಯಾಂಪ್’ ಬಂತು. ತಲೆಬುರುಡೆಗೆ ತೊಡಿಸುವ ಒಂದು ಸಲಕರಣೆ. ಹೂಡಲು ಒಂದು ಮನಾ, ಜೀವಿಗೆ ತೊಡಿಸಲು ಒಂದು ಮನಾ. ತೊಟ್ಟ ಜೀವಿ ಸತ್ತರೆ ಒಡೆಯನಿಗೆ ಎರಡು ಎಲೆ. ಮೊದಲಿನ ಕರಡುಗಳಲ್ಲಿ ಅದು ಜೀವಿಯ ತಾಳಿಕೆಯನ್ನು ಹೆಚ್ಚಿಸುತ್ತಿತ್ತು. ತೊಟ್ಟ ಜೀವಿ ಸುಲಭವಾಗಿ ಸಾಯುತ್ತಿರಲಿಲ್ಲ. ಕೊನೆಕೊನೆಗೆ ಅದನ್ನು ತಿದ್ದಿ ಬಲಕ್ಕೆ ಒಂದು ಕೂಡಿಸಿ ತಾಳಿಕೆಯಿಂದ ಒಂದು ಕಳೆದರು. ಸಂಕಲನದ ಗುರುತಿನಿಂದ ನಿಂತ ಗೆರೆಯೊಂದನ್ನು ತೆಗೆದರೆ ವ್ಯವಕಲನವಾಗುತ್ತದೆ. ಎಲೆಯನ್ನು ತುಸು ದುರ್ಬಲಗೊಳಿಸಿದೆವೆಂದೇ ಎಲ್ಲರೂ ಭಾವಿಸಿದರು.

ಆದದ್ದು ತಿರುಗುಮುರುಗು. ತಾಳಿಕೆ ಒಂದೇ ಇರುವ ಸಣ್ಣ ಜೀವಿಗೆ ಇದನ್ನು ತೊಡಿಸಿದೊಡನೆ ತಾಳಿಕೆ ಸೊನ್ನೆಯಾಗಿ ಅದು ಸಾಯುತ್ತದೆ. ಎರಡು ಎಲೆ ಕೈಗೆ ಬರುತ್ತವೆ. ಇನ್ನೊಂದು ಜೀವಿ, ಇನ್ನೊಂದು ಮನಾ, ಮತ್ತೆ ಎರಡು ಎಲೆ. ಕೇಡೆಂದು ಬರೆದದ್ದೇ ವರವಾಯಿತು. ಮೂರು ಎಲೆಗೆ ನಾಲ್ಕು ಮನಾ ಎಂದು ೨೦೦೧ರಲ್ಲಿ ಕಲಿತಿದ್ದವರು ಮೂರೇ ವರ್ಷದಲ್ಲಿ ಎರಡು ಎಲೆಯನ್ನು ಒಂದು ಮನಾಕ್ಕೆ, ಅದೂ ಎಷ್ಟು ಸಲ ಬೇಕಾದರೂ, ಮಾರಿಬಿಟ್ಟಿದ್ದರು. ಹಳೆಯ ರೂಪವನ್ನು ತೂಗಿ ನೋಡಿದ್ದವರು ಹೊಸ ರೂಪಕ್ಕೂ ಅದೇ ತೂಕವೆಂದು ನಂಬಿದ್ದರು. ಆ ವರ್ಷ ಜೂನಿನಲ್ಲಿ ಎಲೆಯನ್ನು ನಿಷೇಧಿಸಿದಾಗ ತಯಾರಕರಲ್ಲಿ ಒಬ್ಬರಾದ ಆರನ್ ಫಾರ್ಸೈತ್ ಇಷ್ಟನ್ನೂ ಬಹಿರಂಗವಾಗಿ ಬರೆದು ಒಪ್ಪಿಕೊಂಡರು.

ಬಹುಮಾನವಾಗಿ ಬಂದ ಎಲೆಗಳು

ತಪ್ಪುಗಳನ್ನೇ ಹೇಳುತ್ತ ಹೋದರೆ ಈ ಕಲೆಗೆ ಅನ್ಯಾಯವಾದೀತು. ೧೯೯೭ರಲ್ಲಿ ಹಾಂಗ್‌ಕಾಂಗಿನಲ್ಲಿ ೧೬ ಮಂದಿ ಆಹ್ವಾನಿತ ಆಟಗಾರರ ಪಂದ್ಯವೊಂದು ನಡೆಯಿತು. ಗೆದ್ದವರಿಗೆ ಬಹುಮಾನ, ತಾವೇ ಒಂದು ಎಲೆಯನ್ನು ರಚಿಸುವ ಹಕ್ಕು. ಅದರ ಮೇಲಿನ ಚಿತ್ರದಲ್ಲಿ ಗೆದ್ದವರದೇ ಮುಖ. ಆ ವರ್ಷ ಗೆದ್ದವರು ಸ್ವೀಡನ್ನಿನ ಓಲೆ ರೋಡೆ. ಈ ಪಂದ್ಯ ೨೦೦೭ರವರೆಗೆ ನಡೆದು ಹಲವು ಎಲೆಗಳಿಗೆ ಕಾರಣವಾಯಿತು. ಆದರೆ ಗೆದ್ದವರು ಬರೆದುಕೊಟ್ಟದ್ದು ಹಾಗೆಯೇ ಅಚ್ಚಾಗುತ್ತಿರಲಿಲ್ಲ. ತಯಾರಕರು ಅದನ್ನು ತೂಗಿ, ತಿದ್ದಿ, ಕೆಲವೊಮ್ಮೆ ಬಣ್ಣವನ್ನೇ ಬದಲಾಯಿಸುತ್ತಿದ್ದರು.

ಸ್ವೀಡನ್ನಿನವರೇ ಆದ ಯೆನ್ಸ್ ಥೋರೇನ್ ಬಯಸಿದ್ದು ಒಂದು ಹಸಿರು ಜೀವಿಯನ್ನು. ೨೦೦೩ರಲ್ಲಿ ಅದು ‘ಸಾಲೆಮ್ನ್ ಸಿಮ್ಯುಲಾಕ್ರಮ್’ ಎಂಬ ಬಣ್ಣವಿಲ್ಲದ ಯಂತ್ರಪುರುಷನಾಗಿ ಬಂತು. ಹಾಗಾಗಿ ಯಾವ ಪಂಗಡದವರ ಕಟ್ಟಿಗೂ ಸೇರುವಂತಾಯಿತು. ಬೆಲೆ ನಾಲ್ಕು ಮನಾ; ಬಲ ಎರಡು, ತಾಳಿಕೆ ಎರಡು. ಬರುವಾಗ ಕಟ್ಟಿನಿಂದ ಒಂದು ನೆಲವನ್ನು ತರುತ್ತಾನೆ, ಸಾಯುವಾಗ ಒಂದು ಎಲೆಯನ್ನು ಕೊಟ್ಟು ಹೋಗುತ್ತಾನೆ. ಅಬ್ಬರವಿಲ್ಲ, ಯಾರ ಕಟ್ಟಿನಲ್ಲಿದ್ದರೂ ಉಪಕಾರಿ, ಯಾರನ್ನೂ ಮೊದಲ ಸರದಿಯಲ್ಲಿ ಕೊಲ್ಲುವುದಿಲ್ಲ. ಮತ್ತೆ ಮತ್ತೆ ಅಚ್ಚಾಗಿ ಇಂದಿಗೂ ಆಡುವವರ ಕೈಯಲ್ಲಿದ್ದಾನೆ.

ಇನ್ನೂ ಸೊಗಸಾದದ್ದು ಅಮೆರಿಕದ ಬಾಬ್ ಮಾಹೆರ್ ಗೆದ್ದ ಎಲೆ, ೨೦೦೫ರ ‘ಡಾರ್ಕ್ ಕಾನ್ಫಿಡೆಂಟ್’. ಎರಡು ಮನಾದ ಜೀವಿ. ಒಡೆಯನ ಪ್ರತಿ ಸರದಿಯ ಆರಂಭದಲ್ಲಿಯೂ ಕಟ್ಟಿನ ಮೇಲಿನ ಎಲೆಯನ್ನು ತೋರಿಸಿ ಕೈಗೆ ಕೊಡುತ್ತದೆ. ಆದರೆ ಆ ಎಲೆಯ ಮೂಲೆಯಲ್ಲಿ ಎಷ್ಟು ಬೆಲೆ ಬರೆದಿದೆಯೋ ಅಷ್ಟು ಪ್ರಾಣವನ್ನು ಕಿತ್ತುಕೊಳ್ಳುತ್ತದೆ. ಬಂದದ್ದು ನೆಲವಾದರೆ ನಷ್ಟ ಸೊನ್ನೆ. ಏಳು ಮನಾದ ಭಾರಿ ಜೀವಿಯಾದರೆ ಏಳು ಪ್ರಾಣ ಹೋಯಿತು. ಇದರ ನಿಜವಾದ ಬೆಲೆಯನ್ನು ತಯಾರಕನು ನಿಗದಿ ಮಾಡಿಲ್ಲ. ತನ್ನ ಕಟ್ಟನ್ನು ಕಟ್ಟುವಾಗ ಆಟಗಾರನೇ ನಿಗದಿ ಮಾಡಿಕೊಳ್ಳುತ್ತಾನೆ. ದುಬಾರಿ ಎಲೆಗಳನ್ನು ತುಂಬಿಕೊಂಡವನಿಗೆ ಇದು ವಿಷ. ಮಿತವಾಗಿ ಬಾಳುವವನಿಗೆ ಸ್ನೇಹಿತ. ನೆರೆಹೊರೆಯಿಂದ ತೂಕ ಬರುತ್ತದೆಂಬ ಸತ್ಯವನ್ನು ಬೇರೆಯವರು ಅಪಾಯವೆಂದು ಕಂಡರೆ, ಈ ಎಲೆ ಅದನ್ನೇ ತನ್ನ ತಕ್ಕಡಿಯಾಗಿ ಮಾಡಿಕೊಂಡಿತು.

ಇಪ್ಪತ್ತು ವರ್ಷಗಳ ಮೇಲೆ

ಈ ಕಥೆ ಕಲಿಕೆಯ ಕಥೆಯಾಗಿ ಮು‍ಗಿದಿದ್ದರೆ ಚೆನ್ನಾಗಿರುತ್ತಿತ್ತು. ೨೦೨೪ರ ಜೂನ್‌ನಲ್ಲಿ ‘ನಾಡು’ ಎಂಬ ಹೆಸರಿನ ಪಕ್ಷಿರೂಪದ ಜೀವಿಯ ಎಲೆ ಬಂತು. ನಮ್ಮ ‘ನಾಡು’ ಅಲ್ಲ, ಹೆಸರಿನ ಕಾಕತಾಳೀಯ ಅಷ್ಟೆ. ಮೂರು ಮನಾದ ಈ ಪಕ್ಷಿ ಹೊರಗಿದ್ದರೆ, ತನ್ನ ಕಡೆಯ ಯಾವ ಜೀವಿಯನ್ನಾದರೂ ಯಾವುದಾದರೊಂದು ಮಂತ್ರವೋ ಪ್ರಯೋಗವೋ ಗುರಿ ಮಾಡಿಕೊಂಡಾಗ ಒಡೆಯನಿಗೆ ಕಟ್ಟಿನ ಮೇಲಿನ ಎಲೆ ದೊರೆಯುತ್ತದೆ. ನೆಲವಾದರೆ ನೇರವಾಗಿ ಹಾಸಬಹುದು. ಜೀವಿಯೊಂದಕ್ಕೆ ಸರದಿಗೆ ಎರಡು ಸಲ. ಎದುರಾಳಿಯ ಪೆಟ್ಟಿಗೆ ಪರಿಹಾರವಾಗಿ ಹುಟ್ಟಿದ ಆಲೋಚನೆ, ಕೊನೆಯ ತಿದ್ದುಪಡಿಯಲ್ಲಿ ಯಾರು ಗುರಿ ಮಾಡಿದರೂ ಫಲ ಎಂಬ ರೂಪ ತಾಳಿತ್ತು.

‘ಶುಕೋ’ ಎಂಬುದು ೨೦೦೫ರ ಒಂದು ಸಲಕರಣೆ. ಅದರ ವಿಶೇಷವೆಂದರೆ, ಒಂದು ಜೀವಿಯಿಂದ ಇನ್ನೊಂದಕ್ಕೆ ತೊಡಿಸಲು ಮನಾ ಬೇಕಿಲ್ಲ. ಸುಮಾರು ಇಪ್ಪತ್ತು ವರ್ಷ ಅದನ್ನು ಹೆಚ್ಚು ಮಂದಿ ಕಣ್ಣೆತ್ತಿ ನೋಡಿರಲಿಲ್ಲ. ತೊಡಿಸುವುದೆಂದರೆ ಗುರಿ ಮಾಡಿಕೊಳ್ಳುವುದೇ. ಪಕ್ಷಿಯ ಪಕ್ಕದಲ್ಲಿ ‘ಶುಕೋ’ ಇಟ್ಟವನು ಬಿಡಿಗಾಸು ತೆರದೆ ಪ್ರತಿ ಜೀವಿಗೂ ಎರಡೆರಡು ಎಲೆ ಎತ್ತಿಕೊಂಡ. ಆ ಬೇಸಗೆಯಲ್ಲಿ ಆಮ್‌ಸ್ಟರ್‌ಡಾಮಿನ ದೊಡ್ಡ ಪಂದ್ಯವನ್ನು ಈ ಪಕ್ಷಿಯೇ ಆಳಿತು. ಆಗಸ್ಟ್ ೨೬ರಂದು ನಿಷೇಧ ಬಂತು. ಎಲೆಯ ರಚನೆಕಾರ ಮೈಕೆಲ್ ಮೇಜರ್ಸ್ ಆಗ ಬರೆದ ವಿವರಣೆಯ ಸಾರ, ಕೊನೆಯ ರೂಪವನ್ನು ಆಡಿ ನೋಡಿರಲಿಲ್ಲ ಎಂಬುದು. ೨೦೦೪ರ ಬುರುಡೆಪಟ್ಟಿ, ೨೦೨೪ರ ಪಕ್ಷಿ: ಇಪ್ಪತ್ತು ವರ್ಷಗಳ ಅಂತರದಲ್ಲಿ ಎಡವಿದ್ದು ಒಂದೇ ಹೊಸ್ತಿಲನ್ನು.

ಇದನ್ನು ನೋಡಿ ನಗುವುದು ಸುಲಭ. ಆದರೆ ಇಂದು ಈ ಆಟದಲ್ಲಿ ೨೫ ಸಾವಿರಕ್ಕೂ ಹೆಚ್ಚು ಬಗೆಯ ಎಲೆಗಳಿವೆ. ಎರಡೆರಡರ ಜೋಡಿಗಳೇ ೩೧ ಕೋಟಿಯನ್ನು ಮೀರುತ್ತವೆ. ಹತ್ತೋ ಇಪ್ಪತ್ತೋ ಮಂದಿ ಪರೀಕ್ಷಕರು ವರ್ಷಪೂರ್ತಿ ಆಡಿದರೂ, ಎಲೆ ಅಂಗಡಿಗೆ ಬಂದ ಮೊದಲ ವಾರದಲ್ಲಿ ಲೋಕದ ಆಟಗಾರರೆಲ್ಲ ಸೇರಿ ಆಡುವ ಆಟಗಳ ಸಂಖ್ಯೆಯನ್ನು ಅವರು ಮುಟ್ಟಲಾರರು. ತಯಾರಕನು ಜಾಣನಾದ ಮಾತ್ರಕ್ಕೆ ಸಾಲದು. ಜಾಣತನದ ಮೇಲೆ ಎರಡು ಅಭ್ಯಾಸಗಳು ಬೇಕು. ತಿದ್ದಿದ್ದನ್ನು ಹೊಸದೆಂದೇ ಎಣಿಸಿ ಮತ್ತೆ ತೂಗುವುದು ಒಂದು. ತೂಗಲು ಹೊತ್ತಿಲ್ಲದಿದ್ದರೆ ತಿದ್ದದೆ ಬಿಡುವುದು ಇನ್ನೊಂದು.

ಇಷ್ಟಕ್ಕೂ ಇದು ಆಟ ತಾನೇ, ಎಲೆ ಕೆಟ್ಟರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ಯಾರಿಗೆ ಎಂಬುದನ್ನು ಯೋಚಿಸಬೇಕು. ತೂಕ ತಪ್ಪಿದ ಎಲೆ ಬಂದಾಗ ಗೆಲ್ಲಬೇಕೆನ್ನುವ ತರುಣನು ಅದನ್ನು ಕೊಳ್ಳಲೇಬೇಕಾಗುತ್ತದೆ, ಕೊಳ್ಳಲಾರದವನು ಸೋಲುತ್ತಾನೆ. ಅವನಿಗೆ ಸೋಲು ಬಂದದ್ದು ಬುದ್ಧಿ ಸಾಲದೆ ಅಲ್ಲ, ಜೇಬು ಸಾಲದೆ. ಎರಡು ತಿಂಗಳಲ್ಲಿ ಆ ಎಲೆಯನ್ನು ನಿಷೇಧಿಸಿದರೆ ಕೊಂಡವನು ಕೂಡಿಟ್ಟು ಕೊಟ್ಟ ಹಣ ಹೋಗಿ ಬಣ್ಣದ ಕಾಗದ ಉಳಿಯುತ್ತದೆ. ನಿಷೇಧಿಸದೆ ಬಿಟ್ಟರೆ ಆಟವೇ ಬರಿದಾಗುತ್ತದೆ. ಅಚ್ಚಾಗಿ ಜನರ ಕೈಗೆ ಹೋದ ಎಲೆಯನ್ನು ಹಿಂದಕ್ಕೆ ಕರೆದು ಅಂಕಿ ತಿದ್ದಿ ಕಳುಹಿಸುವ ಉಪಾಯವಿಲ್ಲ. ಆದ್ದರಿಂದ ತಯಾರಕನ ಮೇಜಿನ ಮೇಲೆ ಒಂದು ಗಂಟೆಯ ಆತುರ, ಅವನನ್ನು ಎಂದೂ ನೋಡದ ಸಾವಿರಾರು ಜನರ ಜೇಬಿನಿಂದ ತೀರುವಳಿಯಾಗುತ್ತದೆ.

ಅಂಥ ಆತುರವನ್ನು ಒಪ್ಪಿಕೊಂಡು ಬರೆದವರು ಈ ಚರಿತ್ರೆಯಲ್ಲಿ ಇಬ್ಬರು ಮೂವರಾದರೂ ಸಿಕ್ಕುತ್ತಾರೆಂಬುದು ಸಮಾಧಾನದ ಮಾತು. ಬೆಲೆ ಕಟ್ಟುವ ಕೆಲಸ ಲೋಕದಲ್ಲಿ ಎಲೆಯಾಟಕ್ಕೆ ಮಾತ್ರ ಸೇರಿದ್ದಲ್ಲ. ತೆರಿಗೆ ವಿಧಿಸುವವರು, ಕಾನೂನು ಬರೆಯುವವರು, ಪರೀಕ್ಷೆಗೆ ಅಂಕ ನಿಗದಿ ಮಾಡುವವರು ಎಲ್ಲರೂ ಮೂಲೆಯಲ್ಲಿ ಒಂದು ಅಂಕಿ ಬರೆಯುತ್ತಲೇ ಇರುತ್ತಾರೆ. ಅವರ ಎಲೆಗಳು ಯಾವ ಎಲೆಗಳ ಪಕ್ಕದಲ್ಲಿ ಬೀಳುತ್ತವೆಂದು ಮೊದಲೇ ಆಡಿ ನೋಡುವ ಅವಕಾಶ ಅವರಿಗೆ ಇನ್ನೂ ಕಡಿಮೆ. ಅಂಥ ಅವಕಾಶವೂ, ತಪ್ಪಿದ್ದನ್ನು ಮೂರು ತಿಂಗಳೊಳಗೆ ಹೊರಗಿಡುವ ಏರ್ಪಾಡೂ ಇರುವ ಒಂದು ಸಣ್ಣ ಲೋಕದಲ್ಲಿಯೇ ನ್ಯಾಯವಾದ ಬೆಲೆ ಇಷ್ಟು ದುರ್ಲಭವಾದರೆ, ಉಳಿದೆಡೆ ಅದನ್ನು ಬರೆಯುವವರ ಲೇಖನಿ ಇನ್ನೆಷ್ಟು ನಿಧಾನವಾಗಿ ಚಲಿಸಬೇಕು!